ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಇಲ್ಲ!

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಹಾದು ಒಡೆಯರಪಾಳ್ಯಕ್ಕೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಏನೇನು ಕಾಣುತ್ತದೆ? ಗುಡ್ಡಗಳು, ಕುರುಚಲು ಕಾಡು, ಮುಸುಕಿನ ಜೋಳದ ಹೊಲ, ಆನೆ ತಡೆಯಲು ಎಳೆದ ಸೋಲಾರ್ ಬೇಲಿ. ಆಮೇಲೆ ಇದ್ದಕ್ಕಿದ್ದಂತೆ ಐದು ಬಣ್ಣದ ಮಂತ್ರದ ಬಾವುಟಗಳು, ಬೌದ್ಧ ಮಠ, ಕೆಂಪು ನಿಲುವಂಗಿಯ ಭಿಕ್ಷುಗಳು! 1970ರ ದಶಕದಲ್ಲಿ ಟಿಬೆಟನ್ ನಿರಾಶ್ರಿತರು ಬಂದು ಕಟ್ಟಿಕೊಂಡ ಧೊಂಡೆನ್‌ಲಿಂಗ್ ವಸಾಹತು ಇದು. ಸುತ್ತ ನಮ್ಮ ಹನೂರು ಸೀಮೆಯ ಹಳ್ಳಿಗಳು. ಈ ನೋಟವನ್ನು ಬಣ್ಣಿಸಿದವರು ಬಹಳ ಮಂದಿ ಇದ್ದಾರೆ. ಆದರೆ ಇದೇ ಜಾಗದಲ್ಲಿ, ಇದೇ ಗಾಳಿಯಲ್ಲಿ ಇನ್ನೊಂದು ಊರು ಎದ್ದು ನಿಂತಿದೆ. ಅದಕ್ಕೂ ಬೀದಿಗಳಿವೆ, ನೆರೆಹೊರೆಯಿದೆ, ಜಗಳವಿದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಆಂಡ್ರಾಯ್ಡ್ ಫೋನಿಗೆ ಒಂದು ಪುಕ್ಕಟೆ ವೈ-ಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಬಸ್ಸಿಂದ ಇಳಿಯಿರಿ. ಅಂಗೈಯಲ್ಲೇ ಕಾಣತೊಡಗುತ್ತದೆ!

ಪರದೆಯ ಮೇಲೆ ಬಣ್ಣಬಣ್ಣದ ಗುಡ್ಡಗಳು ಏಳುತ್ತವೆ. ಒಂದೊಂದು ಗುಡ್ಡ ಒಂದೊಂದು ಮನೆಯ ವೈ-ಫೈ. ಎತ್ತರವಿದ್ದರೆ ಸಿಗ್ನಲ್ ಬಲವಾಗಿದೆ ಎಂದರ್ಥ. ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ, ಅದು ಸದಾ ಋಣ ಸಂಖ್ಯೆ. ಮೈನಸ್ 45 ಅಂದರೆ ವೈ-ಫೈ ಡಬ್ಬಿ, ಅಂದರೆ ರೂಟರ್, ಹತ್ತಿರದಲ್ಲೇ ಇದೆ. ಮೈನಸ್ 67ರವರೆಗೂ ವೀಡಿಯೊ ಕರೆ ಚೆನ್ನಾಗಿ ನಡೆಯುತ್ತದೆ. ಮೈನಸ್ 80 ದಾಟಿದರೆ ಪರದಾಟ. ಮೈನಸ್ 90ಕ್ಕೆ ಬಹುತೇಕ ಮುಗಿದ ಕಥೆ. ಈ ಮೈನಸ್ 90ರ ಒಳಗೆ ಏನಿದೆ ನೋಡಿ: ರೂಟರ್ ಹೊರಗೆ ಬಿಡುವ ಶಕ್ತಿ ಸುಮಾರು ಒಂದು ವ್ಯಾಟ್‌ನ ಹತ್ತನೇ ಒಂದು ಪಾಲು. ಮನೆಯ ಮೂಲೆಯಲ್ಲಿ ಮೈನಸ್ 90 ತೋರಿಸುವ ಫೋನಿಗೆ ಅದರಲ್ಲಿ ತಲುಪಿರುವುದು ಹತ್ತು ಸಾವಿರ ಕೋಟಿ ಪಾಲಿನಲ್ಲಿ ಒಂದೇ ಒಂದು ಪಾಲು! ಅಷ್ಟು ಕ್ಷೀಣವಾದದ್ದನ್ನೂ ಹಿಡಿದು, ಇದು ನನಗೆ ಬಂದ ಮಾತು, ಇದು ಬೇರೆಯವರದು ಎಂದು ನಮ್ಮ ಜೇಬಿನ ಫೋನು ವಿಂಗಡಿಸುತ್ತದೆ. ಇಷ್ಟು ಸೂಕ್ಷ್ಮವಾದ ಕಿವಿಗೆ ಪಕ್ಕದಲ್ಲಿ ಯಾರು ಸಣ್ಣಗೆ ಕೆಮ್ಮಿದರೂ ಅಡ್ಡಿಯೇ.

ಈಗ ಎಲ್ಲರೂ ಹೇಳುವ ದೂರಿಗೆ ಬರೋಣ. "ಕಡ್ಡಿ ಪೂರ್ತಿ ಅದೆ, ನೆಟ್ಟು ಮಾತ್ರ ಬತ್ತಿಲ್ಲ ಕನಪ್ಪ." ಚಾಮರಾಜನಗರ ಜಿಲ್ಲೆಯಲ್ಲಿ ಈ ಮಾತು ಕೇಳದ ಊರಿಲ್ಲ. ಹೇಳುವವರು ಬೇಸರದಿಂದ ಹೇಳುತ್ತಾರೆ. ಆದರೆ ಆ ಒಂದು ವಾಕ್ಯದಲ್ಲಿ ಅರ್ಧ ರೋಗನಿರ್ಣಯವೇ ಮುಗಿದಿದೆ! ಫೋನಿನ ಸಿಗ್ನಲ್ ಕಡ್ಡಿ ಕಡಿಮೆಯಾಗಿ ನೆಟ್ ನಿಧಾನವಾದರೆ ನಡುವೆ ಏನೋ ಮರೆ ಬಂದಿದೆ, ಇಲ್ಲವೇ ದೂರ ಹೆಚ್ಚಾಗಿದೆ. ಕಡ್ಡಿ ಪೂರ್ತಿ ಇದ್ದೂ ನಿಧಾನವೆಂದರೆ ಕಾರಣ ಹೆಚ್ಚಾಗಿ ಎರಡೇ: ಮನೆಗೆ ಬರುವ ಲೈನೇ ಸರಿಯಿಲ್ಲ, ಅಥವಾ ಗಾಳಿಯಲ್ಲಿ ಗದ್ದಲವಿದೆ. ಕಡ್ಡಿಗಳು ಅಳೆಯುವುದು ನಿಮ್ಮ ಡಬ್ಬಿಯ ದನಿಯನ್ನು ಮಾತ್ರ. ಸುತ್ತಲಿನ ಗದ್ದಲವನ್ನು ಅವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮತ್ತೆ ಈ ವೈ-ಫೈ ಎಂಬುದು ಎಷ್ಟು ಸಭ್ಯ ಜೀವಿ ಗೊತ್ತೆ? ಜಗಲಿಯ ಮೇಲೆ ಹಿರಿಯರು ಕೂತು ಮಾತಾಡುವಾಗ ಒಬ್ಬರ ಮಾತು ಮುಗಿಯದೆ ಇನ್ನೊಬ್ಬರು ಬಾಯಿ ತೆರೆಯುವುದಿಲ್ಲವಲ್ಲ, ಅದೇ ರೀತಿ ಇದು. ಏನನ್ನಾದರೂ ಕಳಿಸುವ ಮುಂಚೆ ಗಾಳಿಗೆ ಕಿವಿಗೊಡುತ್ತದೆ. ಯಾರೋ ಮಾತಾಡುತ್ತಿದ್ದರೆ ಸುಮ್ಮನಿರುತ್ತದೆ. ಮೌನವಾದ ಕೂಡಲೇ ನುಗ್ಗುವುದೂ ಇಲ್ಲ. ಸೊನ್ನೆಯಿಂದ 15ರ ಒಳಗೆ ಮನಸ್ಸಿನಲ್ಲೇ ಒಂದು ಸಂಖ್ಯೆ ಎತ್ತಿಕೊಂಡು ಅಷ್ಟು ಎಣಿಸುತ್ತದೆ. ಒಂದೊಂದು ಎಣಿಕೆಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂಬತ್ತು ಪಾಲು ಸಮಯ. ಅಷ್ಟಾದ ಮೇಲೂ ಇಬ್ಬರು ಒಟ್ಟಿಗೆ ಮಾತಾಡಿ ಮಾತು ಕಲಸಿಹೋದರೆ, ಇಬ್ಬರೂ ಹಿಂದೆ ಸರಿದು ಈ ಸಲ 31ರ ಒಳಗೆ, ಆಮೇಲೆ 63ರ ಒಳಗೆ, ಹೀಗೆ 1023ರವರೆಗೂ ತಾಳ್ಮೆ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತಾರೆ! ನೀವು ಯೂಟ್ಯೂಬಿನಲ್ಲಿ ಮಹದೇಶ್ವರ ಬೆಟ್ಟದ ಜಾತ್ರೆ ನೋಡುತ್ತಿರುವಾಗ ಈ ಕೇಳುವುದು, ಎಣಿಸುವುದು, ಸರಿಯುವುದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತಿರುತ್ತದೆ. ಪರದೆಯ ಮೇಲೆ ಸುತ್ತುವ ಆ ವೃತ್ತ ಬಹಳ ಸಲ ಯಂತ್ರ ಕೆಟ್ಟದ್ದರ ಗುರುತಲ್ಲ, ಅದು ಸರದಿಗಾಗಿ ಕಾಯುತ್ತಿರುವುದರ ಗುರುತು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಸರದಿ ಉದ್ದವಿರುವುದು ಸಹಜ. ಆ್ಯಪ್ ತೆರೆದರೆ ಮೂವತ್ತು ನಲವತ್ತು ಗುಡ್ಡಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಯಾರೂ ಬಳಸದಿದ್ದರೂ ಒಂದೊಂದು ಡಬ್ಬಿ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿಲ್ಲಿದ್ದೇನೆ" ಎಂದು ತನ್ನ ಹೆಸರು ಕೂಗುತ್ತಲೇ ಇರುತ್ತದೆ. ಅದೂ ಬಹಳ ಸಲ ಅತಿ ನಿಧಾನದ ವೇಗದಲ್ಲಿ ಕೂಗುವುದರಿಂದ ಗಾಳಿಯ ಸಮಯ ಸುಮ್ಮಸುಮ್ಮನೆ ಖರ್ಚಾಗುತ್ತದೆ. ಒಡೆಯರಪಾಳ್ಯದಂಥ ಕಡೆ ಕಥೆಯೇ ಬೇರೆ. ಮನೆಗಳ ನಡುವೆ ಹೊಲವಿದೆ, ಹೊಲದಾಚೆ ಕಾಡಿದೆ. ಪರದೆಯಲ್ಲಿ ಏಳುವುದು ಮೂರೋ ನಾಲ್ಕೋ ಗುಡ್ಡ. ಗಾಳಿ ಹೆಚ್ಚುಕಡಿಮೆ ಖಾಲಿ! ಹಾಗಿದ್ದೂ ನೆಟ್ ತಡವರಿಸಿದರೆ ಪಕ್ಕದ ಮನೆಯವರನ್ನು ಬಯ್ಯುವ ಅವಕಾಶವೂ ಇಲ್ಲ. ಲೈನು ಸರಿಯಿದ್ದರೆ ಅಡ್ಡಿ ನಿಮ್ಮ ಮನೆಯೊಳಗೇ ಇದೆ. ಪಟ್ಟಣದಲ್ಲಿ ನೂರು ಸದ್ದುಗಳ ನಡುವೆ ಕಲಸಿಹೋಗುವ ಅಪರಾಧಿ ಇಲ್ಲಿ ಒಂಟಿಯಾಗಿ ಸಿಕ್ಕಿಬೀಳುತ್ತಾನೆ. ವೈ-ಫೈ ಪತ್ತೇದಾರಿ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಮೊದಲು ರಸ್ತೆಯನ್ನು ನೋಡೋಣ. ವೈ-ಫೈನ ಹಳೆಯ, ದೂರ ಸಾಗುವ ದಾರಿ 2.4 ಗಿಗಾಹರ್ಟ್ಜ್. ಅಂದರೆ ಸೆಕೆಂಡಿಗೆ 240 ಕೋಟಿ ಕಂಪನ! ಅಲೆಯೊಂದರ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಈ ದಾರಿಯ ಒಟ್ಟು ಅಗಲ 83.5 ಮೆಗಾಹರ್ಟ್ಜ್ ಮಾತ್ರ. ಅದರಲ್ಲಿ 13 ಚಾನೆಲ್‌ಗಳನ್ನು ಗುರುತು ಮಾಡಿದ್ದಾರೆ. ಚಾನೆಲ್‌ನಿಂದ ಚಾನೆಲ್‌ಗೆ ಅಂತರ 5 ಮೆಗಾಹರ್ಟ್ಜ್, ಆದರೆ ಒಂದು ವೈ-ಫೈ ನಡೆಯಲು ಬೇಕಾದ ಅಗಲ 20! ಹಾಗಾಗಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ ಮೂರು: 1, 6, 11. ಎಲ್ಲರೂ ಎಡವುವುದು ಇಲ್ಲೇ. ಆ್ಯಪ್ ನೋಡಿ "1ರಲ್ಲಿ ಒಬ್ಬರು, 6ರಲ್ಲಿ ಒಬ್ಬರು ಇದ್ದಾರೆ, 3 ಖಾಲಿ ಇದೆ" ಎಂದು ಬುದ್ಧಿವಂತಿಕೆಯಿಂದ 3ಕ್ಕೆ ಹೋಗುತ್ತಾರೆ. ಒಂದೇ ಚಾನೆಲ್‌ನಲ್ಲಿ ಇರುವವರು ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಿ ಸರದಿ ಪಾಲಿಸುತ್ತಾರೆ. 3ಕ್ಕೆ ಹೋದವರ ಮಾತು 1ರವರಿಗೂ ಅರ್ಥವಾಗದು, 6ರವರಿಗೂ ಅರ್ಥವಾಗದು. ಇಬ್ಬರಿಗೂ ಅದು ಬರೀ ಗದ್ದಲ. ಖಾಲಿ ಕಂಡ ಜಾಗಕ್ಕಿಂತ ಜನವಿರುವ ಜಾಗವೇ ಮೇಲು! ಮೊದಲ ಸಲ ಇದು ಹೊಳೆದಾಗ ಎಂಥವರಿಗೂ ಒಂದು ಕ್ಷಣ ತಲೆ ತಿರುಗುತ್ತದೆ. ರೂಟರಿನ ಸೆಟ್ಟಿಂಗ್‌ನಲ್ಲಿ 40 ಮೆಗಾಹರ್ಟ್ಜ್ ಅಗಲ ಎಂಬ ಆಮಿಷವೂ ಇರುತ್ತದೆ. 2.4ರಲ್ಲಿ ಅದನ್ನು ಆರಿಸಿದರೆ ಅರ್ಧ ರಸ್ತೆಯನ್ನು ಒಬ್ಬರೇ ಹಿಡಿದು, ಬರುವ ಅಡ್ಡಿಯನ್ನೆಲ್ಲ ಕೈಯಾರೆ ಕರೆದಂತಾಯಿತು.

ಇಷ್ಟು ಇಕ್ಕಟ್ಟಾದ ರಸ್ತೆಯ ಮೇಲೆ ಸರ್ಕಾರದ ಕಾನೂನು ಏನು ಹೇಳುತ್ತದೆ? 2005ರ ಜನವರಿ 28ರಂದು ಭಾರತ ಸರ್ಕಾರ 2.4 ಗಿಗಾಹರ್ಟ್ಜ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಷರತ್ತು ವಿಚಿತ್ರವಾಗಿದೆ: ನೀವು ಯಾರಿಗೂ ಅಡ್ಡಿ ಮಾಡಬಾರದು, ನಿಮಗೆ ಯಾರಿಂದಾದರೂ ಅಡ್ಡಿಯಾದರೆ ರಕ್ಷಣೆ ಕೇಳುವಂತಿಲ್ಲ. ನೆರೆಯವರೊಡನೆ ಹೊಂದಿಕೊಂಡು ಬಾಳಿ ಎಂದು ಗೆಜೆಟ್ಟೇ ಹೇಳಿಬಿಟ್ಟಿದೆ!

ಆ ಆದೇಶ ಬಂದ ಮರುತಿಂಗಳೇ ನಡೆದದ್ದು ಒಡೆಯರಪಾಳ್ಯದ ಬಂಧುಬಳಗದ ಕಥೆ. ದೂರದ ಹಿಮಾಚಲದ ಧರ್ಮಶಾಲಾ, ಗಡೀಪಾರಾದ ಟಿಬೆಟನ್ನರ ಮುಖ್ಯ ನೆಲೆ. ಬೆಟ್ಟದ ಇಳಿಜಾರು, ಮಂಗಗಳ ಕಾಟ, ಕೇಬಲ್ ಎಳೆಯುವುದು ದುಸ್ತರ. ಯಾಹೆಲ್ ಬೆನ್-ಡೇವಿಡ್ ಮತ್ತು ಸಂಗಡಿಗರು ಮನೆಬಳಕೆಯ ಲಿಂಕ್‌ಸಿಸ್ ರೂಟರ್‌ಗಳನ್ನು ಬಿಚ್ಚಿ ತಿದ್ದಿ, ಗಾಳಿಮಳೆ ತಡೆಯುವ ಡಬ್ಬಿಗಳಲ್ಲಿಟ್ಟು ಕಂಬ, ಗುಡ್ಡಗಳ ಮೇಲೆ ನಿಲ್ಲಿಸಿದರು. 2005ರ ಫೆಬ್ರವರಿ ಮುಗಿಯುವಷ್ಟರಲ್ಲಿ ಎಂಟು ಸಂಸ್ಥೆಗಳ ಆವರಣಗಳು ನಿಸ್ತಂತುವಾಗಿ ಬೆಸೆದುಕೊಂಡಿದ್ದವು! ಮುಂದೆ ಅದು ಸುಮಾರು ಮೂವತ್ತು ಕೇಂದ್ರಗಳ ಬಲೆಯಾಯಿತು, ಎರಡು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳು ಸೇರಿಕೊಂಡವು. ಅಷ್ಟಕ್ಕೂ ಹೊರಗಿನಿಂದ ಬರುತ್ತಿದ್ದ ಇಂಟರ್ನೆಟ್ ಒಟ್ಟು 6 ಎಂಬಿಪಿಎಸ್. ಇಂದು ನಮ್ಮ ಒಂದು ಮೊಬೈಲಿಗೆ ಸಾಲದ ವೇಗ! ಬೆರಗಿನ ಸಂಗತಿ ಇನ್ನೊಂದಿದೆ: ಆ ಮೂವತ್ತೂ ಕೇಂದ್ರಗಳು ಮಾತಾಡುತ್ತಿದ್ದುದು ಒಂದೇ ಒಂದು ಚಾನೆಲ್‌ನಲ್ಲಿ. ಸರದಿ, ಸರದಿ, ಸರದಿ. ಏರ್‌ಜಲ್ದಿ ಎಂಬ ಹೆಸರಿನಲ್ಲಿ ಆ ಕೆಲಸ ಮುಂದೆ ಹಲವು ರಾಜ್ಯಗಳಿಗೆ ಹಬ್ಬಿ ಕರ್ನಾಟಕಕ್ಕೂ ಬಂತು.

ಒಂದೇ ಚಾನೆಲ್‌ನಲ್ಲಿ ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ದಾಟಿಸುವಾಗ ಒಂದು ದಂಡ ತೆರಬೇಕು. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ಒಂದು ದಾಟಿಗೆ ವೇಗ ಅರ್ಧ, ಎರಡು ದಾಟಿಗೆ ಇನ್ನೂ ಕಡಿಮೆ. ಅಂಗಡಿಯಲ್ಲಿ ಇಂದು ಎಕ್ಸ್‌ಟೆಂಡರ್ ಎಂದು ಮಾರುವ ಅಗ್ಗದ ಪ್ಲಗ್ ಡಬ್ಬಿಯೊಳಗೆ ಇರುವುದೂ ಇದೇ ಲೆಕ್ಕ. ಅದನ್ನು ಸಿಕ್ಕಿಸಿದ ಕೂಡಲೇ ಹಿತ್ತಲ ಕೋಣೆಯಲ್ಲಿ ಕಡ್ಡಿ ಪೂರ್ತಿ ಏಳುತ್ತದೆ, ಮನೆಮಂದಿಗೆಲ್ಲ ಖುಷಿ. ವೇಗ ಮಾತ್ರ ಅರ್ಧಕ್ಕಿಳಿದಿರುತ್ತದೆ. ಅದರ ಬದಲು ಇಪ್ಪತ್ತು ಮೀಟರ್ ಲ್ಯಾನ್ ಕೇಬಲ್ ಎಳೆದು ಎರಡನೇ ರೂಟರ್ ಇಟ್ಟರೆ ಈ ದಂಡವೇ ಇಲ್ಲ. ವೈರ್‌ಲೆಸ್ಸಿನ ಬಹಳಷ್ಟು ರೋಗಕ್ಕೆ ಮದ್ದು ವೈರೇ ಎಂಬುದು ನನಗಂತೂ ಮಜಾ ಅನ್ನಿಸುತ್ತದೆ.

ಈಗ ಮನೆಯೊಳಗೆ ಹೊಕ್ಕೋಣ. ಯುಎಸ್‌ಬಿ ಹಾರ್ಡ್ ಡಿಸ್ಕ್ ಇದೆಯೆ, ತೂತಿನೊಳಗೆ ನೀಲಿ ಬಣ್ಣ ಕಾಣುವ 3.0 ಬಗೆಯದು? ಸಿನಿಮಾ ತುಂಬಿಸಿ ರೂಟರಿನ ಬೆನ್ನಿಗೇ ಸಿಕ್ಕಿಸಿದ್ದೀರಾ? ಸಿಕ್ಕಿತು ಮೊದಲ ಸುಳಿವು! ಆ ಕೇಬಲ್ಲಿನಲ್ಲಿ ದತ್ತಾಂಶ ಸೆಕೆಂಡಿಗೆ 500 ಕೋಟಿ ಬಿಟ್‌ಗಳ ವೇಗದಲ್ಲಿ ಓಡುವಾಗ ಹೊರಗೆ ಸೋರುವ ಗದ್ದಲ ನೇರವಾಗಿ 2.4 ಗಿಗಾಹರ್ಟ್ಜ್ ಮೇಲೆಯೇ ಬಂದು ಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿತು: ಗದ್ದಲದ ಮಟ್ಟ ಹತ್ತಿರದಲ್ಲಿ ಸುಮಾರು 20 ಡೆಸಿಬೆಲ್ ಏರಬಹುದು, ಅಂದರೆ ನೂರು ಪಟ್ಟು! ವೈರ್‌ಲೆಸ್ ಮೌಸ್ ಇದ್ದಕ್ಕಿದ್ದಂತೆ ಕುಂಟುವುದಕ್ಕೂ ಬಹಳ ಸಲ ಇದೇ ಕಾರಣ. ಪರಿಹಾರ ಎಷ್ಟು ಅಗ್ಗ ನೋಡಿ: ಡಿಸ್ಕನ್ನು ರೂಟರಿನಿಂದ ಒಂದು ಮೊಳ ದೂರ ಸರಿಸಿದರೆ ಸಾಕು.

ಎರಡನೆಯದು ಹಳ್ಳಿಗಾಡಿಗೇ ವಿಶೇಷವಾದದ್ದು. ಫೈಬರ್ ಬಾರದ ಮನೆಗಳಲ್ಲಿ 4ಜಿ ಸಿಮ್ ಹಾಕುವ ರೂಟರ್, ಇಲ್ಲವೇ ಫೋನಿನ ಹಾಟ್‌ಸ್ಪಾಟೇ ಗತಿ. ನಮ್ಮ ದೇಶದ 4ಜಿ ಓಡುವ ಪಟ್ಟಿಗಳಲ್ಲೊಂದು 2300ರಿಂದ 2400 ಮೆಗಾಹರ್ಟ್ಜ್‌ವರೆಗೆ ಇದೆ. ವೈ-ಫೈ ಶುರುವಾಗುವುದು ಎಲ್ಲಿಂದ? 2400ರಿಂದ! ನಡುವೆ ಬೇಲಿ ಇಲ್ಲ, ಓಣಿಯೂ ಇಲ್ಲ. ಅಂಗೈಯಗಲದ ಡಬ್ಬಿಯೊಳಗೆ ಒಂದು ಆಂಟೆನಾ ದೂರದ ಟವರಿಗೆ ಕೇಳುವಂತೆ ಜೋರಾಗಿ ಕೂಗುತ್ತಿರುತ್ತದೆ. ಬೆರಳಗಲ ಆಚೆಗೆ ಇನ್ನೊಂದು ಆಂಟೆನಾ ಮೂಲೆಯ ಕೋಣೆಯ ಫೋನಿನ ಪಿಸುಮಾತು ಕೇಳಲು ಹೆಣಗುತ್ತಿರುತ್ತದೆ. ಟವರ್ ದೂರವಿದ್ದಷ್ಟೂ ಕೂಗು ಜೋರು. ಹೀಗಿರುವಲ್ಲಿ ವೈ-ಫೈಯನ್ನು ಚಾನೆಲ್ 1ರಿಂದ 11ಕ್ಕೆ ಬದಲಿಸಿ ನೋಡಿ. 4ಜಿ ಪಟ್ಟಿಯಿಂದ 50 ಮೆಗಾಹರ್ಟ್ಜ್ ಆಚೆ ಸರಿದ ಹಾಗಾಗುತ್ತದೆ. ಬಿಡಿಗಾಸಿನ ಖರ್ಚಿಲ್ಲ! ಡಬ್ಬಿಯಲ್ಲಿ 5 ಗಿಗಾಹರ್ಟ್ಜ್ ಇದ್ದರೆ ಇನ್ನೂ ಒಳ್ಳೆಯದು. 2018ರ ಅಕ್ಟೋಬರಿನಲ್ಲಿ ಸರ್ಕಾರ 5 ಗಿಗಾಹರ್ಟ್ಜ್ ಭಾಗದಲ್ಲಿ 605 ಮೆಗಾಹರ್ಟ್ಜ್ ಅಗಲವನ್ನು ಮುಕ್ತಗೊಳಿಸಿದೆ, ಹಳೆಯ ರಸ್ತೆಯ ಏಳು ಪಟ್ಟು! ಅದರ ಅಲೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ ಎಂಬುದು ದೂರು. ಪಕ್ಕದ ಮನೆಯ ಸದ್ದೂ ಒಳಗೆ ಬರುವುದಿಲ್ಲ ಎಂಬುದೇ ಲಾಭ.

ಮೂರನೆಯದು ಶೀಟು. ಹಂಚಿನ ಚಾವಣಿಯನ್ನು ಈ ಅಲೆಗಳು ಹೆಚ್ಚು ಕಷ್ಟವಿಲ್ಲದೆ ದಾಟುತ್ತವೆ, ಬಟ್ಟೆಯ ಬಾವುಟ ಲೆಕ್ಕಕ್ಕೇ ಇಲ್ಲ. ತಗಡಿನ ಶೀಟು, ಕಬ್ಬಿಣದ ಬೀರು, ಸ್ಟೀಲ್ ಡ್ರಮ್ಮು ಮಾತ್ರ ಅಲೆಗಳನ್ನು ಹೊಡೆದು ಹಿಂದಕ್ಕಟ್ಟುತ್ತವೆ. ಇದರಿಂದ ಹುಟ್ಟುವ ಒಂದು ಸ್ವಾರಸ್ಯದ ಅಡ್ಡಿ ಇದೆ. ಶೀಟಿನ ಆಚೆ ಒಂದು ಫೋನು, ಈಚೆ ಒಂದು ಫೋನು, ರೂಟರ್ ಎರಡಕ್ಕೂ ಕಾಣುವ ಬಾಗಿಲಲ್ಲಿ. ಎರಡೂ ಫೋನು ಸಭ್ಯವಾಗಿಯೇ ಕಿವಿಗೊಡುತ್ತವೆ, ಮೌನವಿದೆ ಎಂದುಕೊಳ್ಳುತ್ತವೆ, ಒಟ್ಟಿಗೆ ಮಾತಾಡುತ್ತವೆ. ಒಂದರ ದನಿ ಒಂದಕ್ಕೆ ಕೇಳುವುದೇ ಇಲ್ಲವಲ್ಲ! ರೂಟರಿಗೆ ಕೇಳುವುದು ಎರಡೂ ಕಲಸಿದ ಗೊಂದಲ. ಯಾರ ತಪ್ಪೂ ಇಲ್ಲದೆ ನಡೆಯುವ ಅಪಘಾತ ಇದು.

ಇನ್ನು ಮೈಕ್ರೋವೇವ್ ಓವನ್. ಒಡೆಯರಪಾಳ್ಯದ ಮನೆಮನೆಯಲ್ಲಿ ಇರುವ ವಸ್ತುವಲ್ಲ, ಆದರೆ ಕೊಳ್ಳೇಗಾಲದ ಬೇಕರಿಗಳಲ್ಲಿ ಪಫ್ಸ್ ಬಿಸಿ ಮಾಡಿ ಕೊಡುವ ಯಂತ್ರ ಎಲ್ಲರಿಗೂ ಗೊತ್ತು. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಜ್‌ನಲ್ಲಿ, ವೈ-ಫೈ ರಸ್ತೆಯ ನಟ್ಟನಡುವೆ! ಸಾವಿರ ವ್ಯಾಟಿನಲ್ಲಿ ಹತ್ತು ಸಾವಿರದ ಒಂದು ಪಾಲು ಬಾಗಿಲ ಸಂದಿಯಿಂದ ಸೋರಿದರೂ ಒಂದು ರೂಟರಿನಷ್ಟು ಬಲ ಬಂತು. ಆರೋಗ್ಯಕ್ಕೆ ಇಟ್ಟ ಮಿತಿಯೊಳಗೇ ಇರುವ ಸೋರಿಕೆ ಅದು, ವೈ-ಫೈಗೆ ಮಾತ್ರ ಸಿಡಿಲು. ಸಾಮಾನ್ಯ ಓವನ್ನಿಗೆ ಇನ್ನೊಂದು ಗುಟ್ಟಿದೆ: ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದಾದ್ದರಿಂದ ಅದು ಸೆಕೆಂಡಿನ ನೂರನೇ ಒಂದು ಪಾಲು ಉರಿದು, ಅಷ್ಟೇ ಹೊತ್ತು ಆರುತ್ತದೆ. ಆ ಸಣ್ಣ ಬಿಡುವಿನಲ್ಲಿ ವೈ-ಫೈ ತನ್ನ ಚೂರುಪಾರು ಮಾತನ್ನು ತೂರಿಸಿಬಿಡುತ್ತದೆ! ಹಾಗಾಗಿಯೇ ಓವನ್ ಓಡುವಾಗ ನೆಟ್ ಪೂರಾ ಸಾಯುವುದಿಲ್ಲ, ಕುಂಟುತ್ತದೆ.

ಈ ಓವನ್ನಿನ ಮಹಿಮೆ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕವನ್ನೂ ಬಿಟ್ಟಿಲ್ಲ. 64 ಮೀಟರ್ ಅಗಲದ ಆ ತಟ್ಟೆ 1998ರಿಂದ ಆಗೊಮ್ಮೆ ಈಗೊಮ್ಮೆ ವಿಚಿತ್ರ ಮಿಡಿತಗಳನ್ನು ಹಿಡಿಯುತ್ತಿತ್ತು. ಆಕಾಶದಾಳದಿಂದ ಬಂದಂತೆ ತೋರುತ್ತಿತ್ತು, ಆದರೆ ಹೆಚ್ಚಾಗಿ ಬರುತ್ತಿದ್ದುದು ಹಗಲು ಕೆಲಸದ ಹೊತ್ತಿನಲ್ಲಿ! ಅವಕ್ಕೆ ಪೆರಿಟಾನ್ ಎಂದು ಒಂದು ಕಾಲ್ಪನಿಕ ಪ್ರಾಣಿಯ ಹೆಸರನ್ನೂ ಇಟ್ಟರು. 2015ರಲ್ಲಿ ಎಮಿಲಿ ಪೆಟ್ರಾಫ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮತ್ತು ಸಂಗಡಿಗರು ಮೂಲ ಹುಡುಕಿದರು. ಊಟ ಬಿಸಿ ಮಾಡಲು ಇಟ್ಟವರು ಗಂಟೆ ಬಾರಿಸುವ ಮುಂಚೆಯೇ ಓವನ್ ಬಾಗಿಲು ಎಳೆದು ತೆರೆಯುತ್ತಿದ್ದರು. ಆರುವ ಕ್ಷಣದಲ್ಲಿ ಹೊರಬಿದ್ದ ಒಂದು ಮಿಡಿತ ಖಗೋಳ ವಿಜ್ಞಾನಿಗಳನ್ನು ಹದಿನೇಳು ವರ್ಷ ಆಟವಾಡಿಸಿತ್ತು! ಅವರು ಅದನ್ನು ಹಿಡಿದ ಬಗೆಯೂ ನಾವು ಅನುಸರಿಸಬೇಕಾದದ್ದೇ: ಬರುವ ಹೊತ್ತು ಬರೆದಿಟ್ಟರು, ಆ ಹೊತ್ತಿನಲ್ಲಿ 2.4 ಗಿಗಾಹರ್ಟ್ಜ್‌ನಲ್ಲಿ ಏನಾಯಿತು ಎಂದು ಹೋಲಿಸಿದರು, ಅನುಮಾನ ಬಂದ ಯಂತ್ರವನ್ನು ಬೇಕೆಂದೇ ಓಡಿಸಿ ನೋಡಿದರು.

ನಿರಪರಾಧಿಗಳನ್ನೂ ಬಿಡುಗಡೆ ಮಾಡಬೇಕಲ್ಲ. ಮಿಕ್ಸಿ, ಎಲ್ಇಡಿ ಬಲ್ಬು, ಅಗ್ಗದ ಚಾರ್ಜರು ಎಬ್ಬಿಸುವ ಗದ್ದಲ ಹೆಚ್ಚಾಗಿ ಕೆಳಗಿನ ಕಂಪನಗಳಲ್ಲೇ ಮುಗಿದುಹೋಗುತ್ತದೆ. ರೇಡಿಯೊ ಕರಕರ ಅನ್ನಬಹುದು, ವೈ-ಫೈ ಎತ್ತರಕ್ಕೆ ಅದು ಏರುವುದು ಅಪರೂಪ. ಸೋಲಾರ್ ಬೇಲಿಯೂ ಹಾಗೆಯೇ. ಸುಮಾರು ಸೆಕೆಂಡಿಗೊಂದು ಸಲ ಸಾವಿರಾರು ವೋಲ್ಟಿನ ಒಂದು ಕ್ಷಣದ ಹೊಡೆತವನ್ನು ಅದು ತಂತಿಗೆ ಬಿಡುತ್ತದೆ. ತಂತಿ ಹಿಡಿದ ಪಿಂಗಾಣಿ ಸೀಳಿದ್ದರೆ, ಒದ್ದೆ ಹುಲ್ಲು ತಾಗಿದ್ದರೆ ಅಲ್ಲಿ ಸಣ್ಣ ಕಿಡಿ ಹಾರುತ್ತದೆ. ಹಳೆಯ ಎಎಂ ರೇಡಿಯೊವನ್ನು ಯಾವ ನಿಲಯವೂ ಇಲ್ಲದ ಕಡೆ ತಿರುಗಿಸಿಕೊಂಡು ಬೇಲಿ ಪಕ್ಕ ನಡೆದರೆ ಟಕ್, ಟಕ್, ಟಕ್ ಎಂದು ಕೇಳುತ್ತದೆ. ಟಕ್ ಜೋರಾದ ಕಡೆ ಬೇಲಿ ಸೋರುತ್ತಿದೆ ಎಂದರ್ಥ! ಆನೆ ಬರುವ ಮುಂಚೆ ಸರಿಪಡಿಸಿಕೊಳ್ಳಬಹುದು. ಈ ಹೊಡೆತ ವೈ-ಫೈಯನ್ನು ಮುಟ್ಟದಿದ್ದರೂ ಬೇಲಿಯ ಜೊತೆಜೊತೆಗೇ ಸಾಗುವ ತಾಮ್ರದ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡನ್ನು ಕೆಡಿಸಬಲ್ಲದು. ವೇಲ್ಸ್ ದೇಶದ ಅಬರ್‌ಹೋಸನ್ ಎಂಬ ಹಳ್ಳಿಯಲ್ಲಿ ತಾಮ್ರದ ತಂತಿಗೆ ಇಂಥದೇ ಪೆಟ್ಟು ಬಿದ್ದು ಒಂದೂವರೆ ವರ್ಷ ದಿನಾ ಬೆಳಗ್ಗೆ 7 ಗಂಟೆಗೆ ಊರಿನ ಬ್ರಾಡ್‌ಬ್ಯಾಂಡ್ ಕೆಡುತ್ತಿತ್ತು. ಕೇಬಲ್ ಬದಲಿಸಿದರೂ ಹೋಗಲಿಲ್ಲ. ಕೊನೆಗೆ ಎಂಜಿನಿಯರುಗಳು ಮಳೆಯಲ್ಲಿ ನೆನೆಯುತ್ತಾ ಬೆಳಗಿನ ಜಾವ ಉಪಕರಣ ಹಿಡಿದು ಬೀದಿ ಸುತ್ತಿದಾಗ ಸಿಕ್ಕಿದ್ದು ಒಂದು ಮನೆಯ ಸೆಕೆಂಡ್ ಹ್ಯಾಂಡ್ ಟಿವಿ! 2020ರಲ್ಲಿ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಫೈಬರಿನಲ್ಲಿ ಓಡುವುದು ಬೆಳಕು. ಅದಕ್ಕೆ ಬೇಲಿಯ ಭಯವೂ ಇಲ್ಲ, ಟಿವಿಯ ಭಯವೂ ಇಲ್ಲ.

"ಮಳೆ ಬಂದ್ರೆ ನೆಟ್ಟು ಹೋಯ್ತದೆ" ಎನ್ನುವವರೂ ಇದ್ದಾರೆ. ಡಿಶ್ ಟಿವಿಯ ಛತ್ರಿಗೆ ಬರುವ ಅಲೆ 12 ಗಿಗಾಹರ್ಟ್ಜ್ ಆಸುಪಾಸಿನದು, ಜೋರು ಮಳೆಗೆ ಅದು ಸೋಲುತ್ತದೆ, ನಿಜ. ವೈ-ಫೈ ಎತ್ತರದ ಅಲೆಗೆ ಮಳೆಹನಿ ಬಹುತೇಕ ಇಲ್ಲದ ಹಾಗೆಯೇ. ಅದನ್ನು ಕುಡಿಯುವುದು ಒದ್ದೆ ಎಲೆಗಳು! ಇಲ್ಲಿಗೆ ಬರುತ್ತದೆ ನಮ್ಮ ಮುಸುಕಿನ ಜೋಳದ ಪಾತ್ರ. ಹೊಲದ ಈಚೆ ಮನೆಯಿಂದ ಆಚೆ ಮನೆಗೆ ಅರ್ಧ ಕಿಲೋಮೀಟರು ಎಂದಿಟ್ಟುಕೊಳ್ಳಿ. ಎರಡೂ ಕಡೆ ನಾಲ್ಕು ಮೀಟರ್ ಕಂಬದ ಮೇಲೆ 2.4 ಗಿಗಾಹರ್ಟ್ಜ್ ಆಂಟೆನಾ ಕಟ್ಟಿದ್ದೀರಿ, ಒಂದಕ್ಕೊಂದು ಕಣ್ಣಿಗೆ ನೇರ ಕಾಣುತ್ತವೆ. ಅಷ್ಟು ಸಾಕೆಂದು ನಾವು ಅಂದುಕೊಳ್ಳುತ್ತೇವೆ. ಅಲೆಗೆ ಸಾಲದು! ನೇರ ಗೆರೆಯ ಸುತ್ತ ನಡುವೆ ಉಬ್ಬಿದ ಒಂದು ಖಾಲಿ ಜಾಗವೂ ಅದಕ್ಕೆ ಬೇಕು. ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಹೆಸರಿನ ಆ ವಲಯ ಇಷ್ಟು ದೂರಕ್ಕೆ ನಡುಮಧ್ಯದಲ್ಲಿ ಸುಮಾರು ನಾಲ್ಕು ಮೀಟರ್ ತ್ರಿಜ್ಯ ಹೊಂದಿರುತ್ತದೆ, ಅದರಲ್ಲಿ ಶೇಕಡ 60ರಷ್ಟಾದರೂ ಖಾಲಿ ಇರಬೇಕು. ಲೆಕ್ಕ ಹಾಕಿ: ನೆಲದಿಂದ 1.6 ಮೀಟರ್ ಮೀರಿ ಏನೂ ಬೆಳೆಯುವಂತಿಲ್ಲ. ಜೂನಿನಲ್ಲಿ ಬಿತ್ತಿದಾಗ ಲಿಂಕ್ ಭರ್ಜರಿ. ಎರಡು ತಿಂಗಳಲ್ಲಿ ಜೋಳ ಆಳೆತ್ತರ ಮೀರಿ ಸೂಲಂಗಿ ಬಿಟ್ಟಾಗ ಲಿಂಕ್ ಮಂಕು. ಕಟಾವಾದ ಮೇಲೆ ತಾನಾಗಿಯೇ ವಾಸಿ! ಇಡೀ ಹಂಗಾಮು ಕಂಪನಿಗೆ ದೂರು ಕೊಡುತ್ತಾ ಕೂರಬಹುದು, ಅಥವಾ ಕಂಬವನ್ನು ಇನ್ನೆರಡು ಮೀಟರ್ ಎತ್ತರಿಸಬಹುದು. ಇದು ಕಡ್ಡಿಯೇ ಇಳಿಯುವ ಕಾಯಿಲೆ, ಗದ್ದಲದ್ದಲ್ಲ ಎಂಬುದನ್ನು ಮಾತ್ರ ನೆನಪಿಡಿ. ಆದರೆ ದೂರದ ಲಿಂಕುಗಳಲ್ಲೂ ಹೆಚ್ಚಾಗಿ ಗದ್ದಲವೇ ದೊಡ್ಡ ಶತ್ರು. ತಮಿಳುನಾಡಿನ ಥೇಣಿಯ ಅರವಿಂದ್ ಕಣ್ಣಾಸ್ಪತ್ರೆಯನ್ನು ಹಳ್ಳಿಯ ಕೇಂದ್ರಗಳೊಡನೆ ವೈ-ಫೈನಿಂದಲೇ ಬೆಸೆದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ದೂರದ ವೈ-ಫೈ ಲಿಂಕುಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ್ದು ಇದನ್ನೇ: ಮಾತು ಕಳೆದುಹೋಗಲು ಮುಖ್ಯ ಕಾರಣ ಬೇರೆ ವೈ-ಫೈಗಳ ಅಡ್ಡಿ.

ಸದ್ದಿನಿಂದ ಓಡಿಹೋಗುವ ಕಲೆಯಲ್ಲಿ ನಮ್ಮ ರಾಜ್ಯದವರೇ ಒಂದು ದೊಡ್ಡ ಸಾಹಸ ಮಾಡಿದ್ದಾರೆ. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಒಂದು ಅತಿ ಕ್ಷೀಣ ರೇಡಿಯೊ ಗುರುತನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಹುಡುಕುತ್ತಿದೆ. ಅವರ ಉಪಕರಣದ ಹೆಸರು ಸಾರಸ್. ಎಫ್‌ಎಂ ನಿಲಯಗಳ ಗದ್ದಲ ಒಂದು ಕಡೆ, ಆಂಟೆನಾದ ಕೆಳಗಿನ ನೆಲವೇ ಎಬ್ಬಿಸುವ ಗೊಂದಲ ಇನ್ನೊಂದು ಕಡೆ. ಏನು ಮಾಡಿದರು? 2020ರ ಆರಂಭದಲ್ಲಿ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು! ಅಮೆರಿಕದ ತಂಡವೊಂದು 2018ರಲ್ಲಿ ಆ ಗುರುತು ಸಿಕ್ಕಿತೆಂದು ಘೋಷಿಸಿತ್ತು. ನೀರಿನ ಮೇಲೆ ತೇಲಿದ ನಮ್ಮ ಸಾರಸ್ 2022ರಲ್ಲಿ ಆ ಘೋಷಣೆಯನ್ನು ಶೇಕಡ 95.3ರ ಖಚಿತತೆಯಿಂದ ತಳ್ಳಿಹಾಕಿತು. ವಿಜ್ಞಾನಿಗಳು ಕೆರೆಗೆ ಇಳಿದದ್ದಕ್ಕೂ ನಾವು ಹಾರ್ಡ್ ಡಿಸ್ಕನ್ನು ರೂಟರಿನಿಂದ ದೂರ ಸರಿಸುವುದಕ್ಕೂ ಸೂತ್ರ ಒಂದೇ. ಸಿಗ್ನಲ್ ಹೆಚ್ಚಿಸಲು ಹೋಗುವ ಮುಂಚೆ ಗದ್ದಲ ಇಳಿಸು.

ಹಾಗಾದರೆ ಇಂದು ರಾತ್ರಿಯ ಬೇಟೆ ಹೀಗೆ ನಡೆಯಲಿ. ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರ ರೂಟರಿಗೆ ಜೋಡಿಸಿ. ಆಗಲೂ ನಿಧಾನವೆಂದರೆ ತಪ್ಪು ಲೈನಿನದು, ಗಾಳಿಯನ್ನು ದೂರಬೇಡಿ. ಕೇಬಲ್ಲಿನಲ್ಲಿ ಚೆನ್ನಾಗಿದ್ದು ವೈ-ಫೈನಲ್ಲಿ ಕುಂಟಿದರೆ ಬೇಟೆ ಶುರು. ರೂಟರಿನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1, ಪಿಂಗ್ (ಉತ್ತರ ಮರಳಲು ಹಿಡಿದ ಹೊತ್ತನ್ನು ತೋರಿಸುವ ಆಜ್ಞೆ) ಓಡಲು ಬಿಟ್ಟು ಅಂಕಿಗಳನ್ನು ನೋಡುತ್ತಾ ಕೂರಿ. ಒಂದೆರಡು ಮಿಲಿಸೆಕೆಂಡು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಇನ್ನೂರು, ಮುನ್ನೂರಕ್ಕೆ ಹಾರಿದರೆ ಅದೇ ಅಡ್ಡಿಯ ಹೆಜ್ಜೆಗುರುತು! ಈಗ ಮನೆಯವರೊಬ್ಬರು ಒಂದೊಂದೇ ಸಾಮಾನನ್ನು ಆಫ್ ಮಾಡುತ್ತಾ ಬರಲಿ: ಹಾರ್ಡ್ ಡಿಸ್ಕು, ಬ್ಲೂಟೂತ್ ಸ್ಪೀಕರು, ವೈರ್‌ಲೆಸ್ ಕ್ಯಾಮೆರಾ, ಯಾರೂ ಬಳಸದಿದ್ದರೂ ತನ್ನದೇ ವೈ-ಫೈ ಹೆಸರು ಕೂಗುತ್ತಿರುವ ಪ್ರಿಂಟರು, ಮಗನ ಜೇಬಿನಲ್ಲಿ ಮರೆತು ಆನ್ ಆಗಿ ಉಳಿದ ಹಾಟ್‌ಸ್ಪಾಟು. ಬ್ಲೂಟೂತನ್ನು ಕೊನೆಗೆ ಅನುಮಾನಿಸಿ. ಅದು ಸೆಕೆಂಡಿಗೆ 1600 ಸಲ ಚಾನೆಲ್ ಬದಲಿಸುತ್ತಾ, ವೈ-ಫೈ ಕಂಡ ಕಡೆ ಜಾಗ ಬಿಟ್ಟುಕೊಟ್ಟು ಹೋಗುವ ಸಾಧು. ಅಂಕಿಗಳು ಯಾವ ಪ್ಲಗ್ ಕಿತ್ತಾಗ ತಣ್ಣಗಾದವೋ ಅದನ್ನು ಮತ್ತೆ ಹಾಕಿ ನೋಡಿ. ಮತ್ತೆ ಹಾರಿದರೆ ಸಾಕ್ಷಿ ಸಮೇತ ಸಿಕ್ಕಿಬಿದ್ದ ಹಾಗೆ.

ಇಷ್ಟು ಮಾಡುವ ಮುಂಚೆ ಆನ್‌ಲೈನಿನಲ್ಲಿ ಸಿಗುವ ಮೊಬೈಲ್ ಸಿಗ್ನಲ್ ಬೂಸ್ಟರ್ ತರಿಸಬೇಡಿ. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಬಳಸುವುದೂ ನಮ್ಮ ದೇಶದಲ್ಲಿ ಕಾನೂನುಬಾಹಿರ. ನಿಮ್ಮ ಮನೆಯ ಕಡ್ಡಿ ಏರಿಸುವ ಆ ಡಬ್ಬಿ ಟವರಿನ ಕಿವಿಗೆ ಗದ್ದಲ ತುಂಬಿ ಅಕ್ಕಪಕ್ಕದವರ ಫೋನನ್ನೆಲ್ಲ ಕೆಡಿಸುತ್ತದೆ.